ಹುಲ್ಲುಹೊರೆಯ ಲೆಕ್ಕ

ಹುಲ್ಲು ತಾನಾಗಿಯೇ ಬೆಳೆಯುತ್ತದೆ ಎಂಬುದು ಬಹುಮಂದಿಯ ನಂಬಿಕೆ. ಭತ್ತಕ್ಕೆ ಅಗೆ ಹಾಕಬೇಕು, ರಾಗಿಗೆ ಹೊಲವನ್ನು ಹಸನುಗೊಳಿಸಬೇಕು, ಕಬ್ಬಿಗೆ ನೀರು ಹಾಯಿಸಬೇಕು. ಹುಲ್ಲಿಗಾದರೋ ಯಾರೂ ಏನನ್ನೂ ಮಾಡಬೇಕಾಗಿಲ್ಲ. ಮುಂಗಾರಿನ ನಾಲ್ಕು ಮಳೆ ಬಿದ್ದರೆ ನೆಲ ಹಸಿರಾಗುತ್ತದೆ, ದನಗಳು ಮೇಯುತ್ತವೆ, ಉಳಿದುದನ್ನು ಕೊಯ್ದು ಒಣಗಿಸಿ ಬಣವೆ ಒಟ್ಟಿದರೆ ಬೇಸಗೆಗೆ ಮೇವಾಗುತ್ತದೆ. ಕೇಳದೆ ದೊರೆಯುವ ವಸ್ತುವಿನ ಬೆಲೆಯನ್ನು ಎಣಿಸುವವರು ಕಡಮೆ. ಉತ್ತ ಹೊಲಕ್ಕೆ ವರ್ಷವರ್ಷವೂ ಗೊಬ್ಬರ ಹೊರುವ ರೈತನು ಹುಲ್ಲು ಕೊಯ್ಯುವ ನೆಲಕ್ಕೆ ಒಂದು ಬುಟ್ಟಿ ಗೊಬ್ಬರ ಹಾಕಿದ್ದನ್ನು ಕಾಣುವುದು ಅಪರೂಪ. ಆದರೆ ಹುಲ್ಲೂ ಒಂದು ಬೆಳೆಯೇ. ಅದೂ ಮಣ್ಣಿನಿಂದಲೇ ತನ್ನ ಆಹಾರವನ್ನು ಪಡೆಯುತ್ತದೆ. ಕೊಯ್ದ ಹುಲ್ಲಿನ ಹೊರೆ ಮನೆಯ ಕಡೆಗೆ ಹೊರಟಾಗ ಅದರೊಡನೆ ಆ ನೆಲದ ಸಾರದ ಒಂದು ಪಾಲೂ ಹೊರಡುತ್ತದೆ. ಆ ಪಾಲು ಎಷ್ಟು, ಅದು ಎಲ್ಲಿಗೆ ಹೋಗುತ್ತದೆ, ಹಿಂದಿರುಗಿ ಬರುತ್ತದೆಯೇ ಇಲ್ಲವೇ ಎಂದು ಲೆಕ್ಕ ಹಾಕಿದಾಗ ಮಾತ್ರ ಹುಲ್ಲುಗಾವಲುಗಳು ಏಕೆ ಬಡವಾಗುತ್ತವೆ ಎಂಬುದು ತಿಳಿಯುತ್ತದೆ.

ಎಲ್ಲ ಸಸ್ಯಗಳಂತೆ ಹುಲ್ಲು ಕೂಡ ತನ್ನ ಒಡಲಿನ ಬಹುಭಾಗವನ್ನು ಗಾಳಿ ಮತ್ತು ನೀರಿನಿಂದ ಕಟ್ಟಿಕೊಳ್ಳುತ್ತದೆ. ಸೂರ್ಯನ ಬೆಳಕಿನ ಸಹಾಯದಿಂದ ನಡೆಯುವ ಈ ಕಾರ್ಯಕ್ಕೆ ಮಣ್ಣು ಬೆಲೆ ತೆರಬೇಕಾಗಿಲ್ಲ. ಬೆಲೆ ತೆರಬೇಕಾದುದು ಉಳಿದ ಸ್ವಲ್ಪ ಭಾಗಕ್ಕೆ. ಸಾರಜನಕ, ರಂಜಕ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಗಂಧಕ ಮೊದಲಾದವು ಬೇರಿನ ಮೂಲಕ ಮಣ್ಣಿನಿಂದಲೇ ಬರಬೇಕು. ಎಳೆಯದಾಗಿರುವಾಗ ಕೊಯ್ದು ಒಣಗಿಸಿದ ಒಂದು ಟನ್ ಒಳ್ಳೆಯ ಹುಲ್ಲಿನಲ್ಲಿ ಸುಮಾರು 15ರಿಂದ 20 ಕಿಲೋಗ್ರಾಂ ಸಾರಜನಕ, 2ರಿಂದ 3 ಕಿಲೋಗ್ರಾಂ ರಂಜಕ, 15ರಿಂದ 20 ಕಿಲೋಗ್ರಾಂ ಪೊಟ್ಯಾಸಿಯಂ ಇರುತ್ತವೆ. ತೆನೆ ಬಲಿತು, ಕಡ್ಡಿ ಒರಟಾದ ಮೇಲೆ ಕೊಯ್ದ ಹುಲ್ಲಿನಲ್ಲಿ ಇದರ ಅರ್ಧ ಅಥವಾ ಅದಕ್ಕೂ ಕಡಮೆ. ಒಂದು ವರ್ಷದ ಮಟ್ಟಿಗೆ ಇದು ಸಣ್ಣ ಮೊತ್ತವಾಗಿ ತೋರಬಹುದು. ಆದರೆ ಹುಲ್ಲುಗಾವಲನ್ನು ಕೊಯ್ಯುವುದು ಒಂದು ವರ್ಷವಲ್ಲ. ತಂದೆ ಕೊಯ್ದ ನೆಲವನ್ನೇ ಮಗನೂ ಕೊಯ್ಯುತ್ತಾನೆ. ಒಂದು ಹೆಕ್ಟೇರಿನಿಂದ ವರ್ಷಕ್ಕೆ 3 ಟನ್ ಬಲಿತ ಹುಲ್ಲು ಹೋಗುತ್ತದೆ ಎಂದಿಟ್ಟುಕೊಳ್ಳೋಣ. ಟನ್ನಿಗೆ 10 ಕಿಲೋಗ್ರಾಂ ಎಂದು ಹಿಡಿದರೂ ಮೂವತ್ತು ವರ್ಷಗಳಲ್ಲಿ 900 ಕಿಲೋಗ್ರಾಂ ಪೊಟ್ಯಾಸಿಯಂ ಆ ನೆಲವನ್ನು ಬಿಟ್ಟು ಹೋಗಿರುತ್ತದೆ. ಕಲ್ಲು ಕರಗಿ ಮಣ್ಣಾಗುವಾಗ ಸ್ವಲ್ಪ, ಮಳೆಯೊಡನೆ ಸ್ವಲ್ಪ, ಮಣ್ಣಿನ ಸೂಕ್ಷ್ಮಜೀವಿಗಳಿಂದ ಸ್ವಲ್ಪ ಸಾರ ಮರಳಿ ಬರುವುದು ನಿಜ. ಆ ಬರವು ಈ ಹೋಗುವಿಕೆಗೆ ಸಮನಾಗುವುದು ಅಪರೂಪ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆ ಮನುಷ್ಯರಿಗೆ ಹೇಳಿದ್ದಾದರೂ ಮಣ್ಣಿಗೂ ಸಲ್ಲುತ್ತದೆ.

ಹುಲ್ಲನ್ನು ಕೊಯ್ದು ಒಯ್ಯುವುದಕ್ಕೂ ದನಗಳನ್ನು ಬಿಟ್ಟು ಮೇಯಿಸುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯವಾದುದು. ಹಸುವಾಗಲಿ ಕುರಿಯಾಗಲಿ ತಿಂದ ಮೇವಿನಲ್ಲಿರುವ ಸಾರದ ಅಲ್ಪಭಾಗವನ್ನು ಮಾತ್ರ ಹಾಲು, ಮಾಂಸ, ಉಣ್ಣೆಗಳಾಗಿ ಉಳಿಸಿಕೊಳ್ಳುತ್ತದೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಸೆಗಣಿ ಮತ್ತು ಗಂಜಲದಲ್ಲಿ ಹೊರಬರುತ್ತದೆ. ರಂಜಕದ ಬಹುಭಾಗ ಸೆಗಣಿಯಲ್ಲಿ, ಪೊಟ್ಯಾಸಿಯಂನ ಬಹುಭಾಗ ಗಂಜಲದಲ್ಲಿ, ಸಾರಜನಕ ಎರಡರಲ್ಲಿಯೂ ಇರುತ್ತದೆ. ಆದುದರಿಂದ ಹಗಲಿರುಳೂ ದನ ಮೇಯುವ ನೆಲದಲ್ಲಿಯೇ ಇದ್ದರೆ ತಿಂದ ಸಾರ ಹೆಚ್ಚುಕಡಮೆ ಅಲ್ಲಿಯೇ ಬೀಳುತ್ತದೆ. ಆದರೆ ಅದು ಸಮನಾಗಿ ಹರಡುವುದಿಲ್ಲ ಎಂಬುದು ಬೇರೆ ತೊಡಕು. ಗಂಜಲ ಬಿದ್ದ ಅಂಗೈಯಗಲದ ಜಾಗದಲ್ಲಿ ಸಾರಜನಕ ಹುಲ್ಲು ಹೀರಬಲ್ಲುದಕ್ಕಿಂತ ಎಷ್ಟೋ ಪಾಲು ಹೆಚ್ಚಾಗುತ್ತದೆ. ಹತ್ತು ಮಾರು ಆಚೆಗೆ ಏನೂ ಇರುವುದಿಲ್ಲ. ಬಿಸಿಲಿಗೆ ದನಗಳು ಸೇರುವ ಮರದ ನೆರಳು, ನೀರು ಕುಡಿಯುವ ಕಟ್ಟೆಯ ಸುತ್ತ, ಊರಿಗೆ ಬರುವ ದಾರಿ, ಇಲ್ಲೆಲ್ಲ ಸಾರ ರಾಶಿಗೂಡುತ್ತದೆ. ಮೇಯುವ ಬಯಲು ಸೊರಗುತ್ತದೆ. ಸಂಜೆ ದನಗಳು ಕೊಟ್ಟಿಗೆಗೆ ಹಿಂದಿರುಗಿದವೆಂದರೆ ಇರುಳಿನ ಸೆಗಣಿ ಗಂಜಲಗಳೂ ಹುಲ್ಲುಗಾವಲಿಗೆ ತಪ್ಪಿದವು.

ಹುಲ್ಲಿನ ನೆಲಕ್ಕೆ ಏನನ್ನು ಹಿಂದಿರುಗಿಸಬೇಕು, ಹಿಂದಿರುಗಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ಜಗತ್ತಿನಲ್ಲಿ ಅತ್ಯಂತ ದೀರ್ಘಕಾಲದ ಉತ್ತರ ದೊರೆತಿರುವುದು ಇಂಗ್ಲೆಂಡಿನ ಒಂದು ಸಣ್ಣ ಹುಲ್ಲುಗಾವಲಿನಲ್ಲಿ. ಲಂಡನ್ನಿನ ಉತ್ತರಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿ ಹಾರ್ಪೆಂಡನ್ ಎಂಬ ಊರಿದೆ. ಅದರ ಬಳಿಯ ರೊಥಾಮ್‌ಸ್ಟೆಡ್ ಎಂಬ ಎಸ್ಟೇಟಿನ ಒಡೆಯ ಜಾನ್ ಬೆನೆಟ್ ಲಾಸ್. ಮೂಳೆ ಮತ್ತು ರಂಜಕಯುಕ್ತ ಕಲ್ಲನ್ನು ಗಂಧಕಾಮ್ಲದಲ್ಲಿ ಕರಗಿಸಿ ಸೂಪರ್ ಫಾಸ್ಫೇಟ್ ಗೊಬ್ಬರವನ್ನು ತಯಾರಿಸುವ ವಿಧಾನಕ್ಕೆ ಆತನು 1842ರಲ್ಲಿ ಹಕ್ಕುಪತ್ರ ಪಡೆದನು. ಮರುವರ್ಷ ಜೋಸೆಫ್ ಹೆನ್ರಿ ಗಿಲ್ಬರ್ಟ್ ಎಂಬ ರಸಾಯನಶಾಸ್ತ್ರಜ್ಞನನ್ನು ಜೊತೆಗೆ ತೆಗೆದುಕೊಂಡು ತನ್ನ ಹೊಲಗಳಲ್ಲಿಯೇ ಪ್ರಯೋಗಗಳನ್ನು ಆರಂಭಿಸಿದನು. ಇವರಿಬ್ಬರೂ ಐವತ್ತೇಳು ವರ್ಷಗಳ ಕಾಲ ಒಟ್ಟಿಗೆ ದುಡಿದರು. ಗೊಬ್ಬರ ಮಾರಿ ಹಣ ಗಳಿಸಿದವನೇ ಗೊಬ್ಬರದ ಗುಣದೋಷಗಳನ್ನು ಬಯಲಿಗೆ ತರುವ ಪ್ರಯೋಗಗಳಿಗೆ ಹಣ ಹೂಡಿದನೆಂಬುದು ಗಮನಿಸತಕ್ಕ ಸಂಗತಿ. 1889ರಲ್ಲಿ ಆತನು ಒಂದು ಲಕ್ಷ ಪೌಂಡುಗಳ ದತ್ತಿಯನ್ನು ಇಟ್ಟು ತನ್ನ ಕಾಲದ ಅನಂತರವೂ ಈ ಕಾರ್ಯ ನಿಲ್ಲದಂತೆ ಮಾಡಿದನು.

1856ರಲ್ಲಿ ಲಾಸ್ ಮತ್ತು ಗಿಲ್ಬರ್ಟರು ಎಸ್ಟೇಟಿನ ಮನೆಯ ಬಳಿ ಇದ್ದ 7 ಎಕರೆ, ಎಂದರೆ 2.8 ಹೆಕ್ಟೇರಿನ ಒಂದು ಹುಲ್ಲುಗಾವಲನ್ನು ಆರಿಸಿಕೊಂಡರು. ಕನಿಷ್ಠ ನೂರು ವರ್ಷಗಳಿಂದ ಅದನ್ನು ಉತ್ತಿರಲಿಲ್ಲ. ಎಲ್ಲ ಕಡೆಯೂ ಒಂದೇ ಬಗೆಯ ಹುಲ್ಲು, ಒಂದೇ ಬಗೆಯ ಮಣ್ಣು. ಅದನ್ನು ತುಂಡುಗಳಾಗಿ ವಿಂಗಡಿಸಿ ಒಂದಕ್ಕೆ ಏನನ್ನೂ ಹಾಕದೆ ಬಿಟ್ಟರು. ಒಂದಕ್ಕೆ ಸಾರಜನಕವನ್ನು ಮಾತ್ರ, ಇನ್ನೊಂದಕ್ಕೆ ರಂಜಕವನ್ನು ಮಾತ್ರ, ಮತ್ತೊಂದಕ್ಕೆ ರಂಜಕ ಪೊಟ್ಯಾಸಿಯಂಗಳನ್ನು, ಬೇರೊಂದಕ್ಕೆ ಇವೆಲ್ಲವನ್ನೂ ಕೂಡಿಸಿ, ಹೀಗೆ ಹಾಕುತ್ತ ಬಂದರು. ಸಾರಜನಕವನ್ನು ಕೆಲವಕ್ಕೆ ಅಮೋನಿಯಂ ಸಲ್ಫೇಟಿನ ರೂಪದಲ್ಲಿ, ಕೆಲವಕ್ಕೆ ಸೋಡಿಯಂ ನೈಟ್ರೇಟಿನ ರೂಪದಲ್ಲಿ ಕೊಟ್ಟರು. ಪ್ರತಿವರ್ಷ ಜೂನ್ ತಿಂಗಳಿನ ನಡುವೆ ಹುಲ್ಲನ್ನು ಕೊಯ್ದು, ಒಣಗಿಸಿ, ತೂಕ ಮಾಡಿ ಒಯ್ಯುವುದು ಪದ್ಧತಿ. ಹಾಗೆ ಆರಂಭವಾದ ಪ್ರಯೋಗ ಇಂದಿಗೂ ನಿಂತಿಲ್ಲ. ಅಂದಿನಿಂದ ಕೂಡಿಟ್ಟ ಒಣಹುಲ್ಲು ಮತ್ತು ಮಣ್ಣಿನ ಮಾದರಿಗಳು ಅಲ್ಲಿನ ಸಂಗ್ರಹದಲ್ಲಿವೆ.

ಪ್ರಯೋಗದ ಉದ್ದೇಶ ಹೆಚ್ಚು ಹುಲ್ಲು ಪಡೆಯುವುದು ಹೇಗೆಂಬುದನ್ನು ತಿಳಿಯುವುದಾಗಿತ್ತು. ಆದರೆ ಎರಡು ಮೂರು ವರ್ಷಗಳೊಳಗೆ ಯಾರೂ ನಿರೀಕ್ಷಿಸದಿದ್ದ ಸಂಗತಿಯೊಂದು ಕಣ್ಣಿಗೆ ಬಿದ್ದಿತು. ಗೊಬ್ಬರ ಬದಲಾದಂತೆ ಹುಲ್ಲಿನ ಪ್ರಮಾಣ ಮಾತ್ರವಲ್ಲ, ಹುಲ್ಲಿನ ಜಾತಿಗಳೇ ಬದಲಾಗುತ್ತಿದ್ದವು. ನಿನ್ನೆಯವರೆಗೆ ಒಂದೇ ಆಗಿದ್ದ ಗಾವಲು ಈಗ ಬಣ್ಣಬಣ್ಣದ ತೇಪೆಗಳನ್ನು ಹಾಕಿದ ಕೌದಿಯಂತೆ ಕಾಣತೊಡಗಿತು. ಏನನ್ನೂ ಹಾಕದ ತುಂಡಿನಲ್ಲಿ ಹುಲ್ಲು ಗಿಡ್ಡ, ಇಳುವರಿ ಕಡಮೆ. ಆದರೆ ಹುಲ್ಲು, ಹೂಗಿಡ, ದ್ವಿದಳ ಸಸ್ಯಗಳೆಲ್ಲ ಸೇರಿ ನಲವತ್ತರ ಸುಮಾರು ಜಾತಿಗಳು ಅಲ್ಲಿ ಕೂಡಿ ಬಾಳಿದವು. ಅತಿ ಹೆಚ್ಚು ಅಮೋನಿಯಂ ಸಲ್ಫೇಟ್ ಬಿದ್ದ ತುಂಡಿನಲ್ಲಿ ಕಡೆಗೆ ಉಳಿದುದು ಎರಡು ಮೂರು ಜಾತಿಯ ಒರಟು ಹುಲ್ಲುಗಳು ಮಾತ್ರ. ಬೇಗನೆ ಎತ್ತರಕ್ಕೆ ಬೆಳೆಯಬಲ್ಲ ಹುಲ್ಲು ಸಾರಜನಕವನ್ನು ಹೀರಿ ಮೇಲೆದ್ದು ನೆರಳು ಚೆಲ್ಲಿದರೆ ಕೆಳಗಿರುವ ಸಣ್ಣ ಗಿಡಗಳಿಗೆ ಬೆಳಕಿಲ್ಲ. ಬಡನೆಲದಲ್ಲಿ ಯಾರೂ ಯಾರನ್ನೂ ಮೀರಿ ಬೆಳೆಯಲಾರದುದರಿಂದ ಎಲ್ಲರಿಗೂ ಎಡೆಯಿತ್ತು.

ಇದಕ್ಕಿಂತ ಗಂಭೀರವಾದುದು ಮಣ್ಣು ಹುಳಿಯಾದ ಸಂಗತಿ. ಅಮೋನಿಯಂ ರೂಪದ ಸಾರಜನಕವನ್ನು ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರೇಟಾಗಿ ಮಾರ್ಪಡಿಸುತ್ತವೆ. ಈ ಮಾರ್ಪಾಟಿನಲ್ಲಿ ಆಮ್ಲ ಹೊರಬರುತ್ತದೆ. ಮಣ್ಣಿನ ಹುಳಿಯನ್ನು ರಸಸಾರ ಎಂಬ ಅಳತೆಯಿಂದ ಹೇಳುತ್ತಾರೆ. 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅಂಕಿ ಇಳಿದಂತೆ ಹುಳಿ ಹೆಚ್ಚು. ಗೊಬ್ಬರ ಕಾಣದ ತುಂಡಿನ ರಸಸಾರ 5ರ ಸುಮಾರಿನಲ್ಲಿದ್ದರೆ, ಸುಣ್ಣವಿಲ್ಲದೆ ದಶಕಗಟ್ಟಲೆ ಅಮೋನಿಯಂ ಸಲ್ಫೇಟ್ ತಿಂದ ತುಂಡಿನಲ್ಲಿ ಅದು 4ಕ್ಕಿಂತ ಕೆಳಗಿಳಿಯಿತು. ಅಂಥ ಮಣ್ಣಿನಲ್ಲಿ ಎರೆಹುಳು ಬದುಕಲಿಲ್ಲ. ಸತ್ತ ಹುಲ್ಲನ್ನು ಮಣ್ಣಿನೊಳಕ್ಕೆ ಎಳೆದುಕೊಂಡು ಕೊಳೆಯಿಸುವವರಿಲ್ಲದೆ ಅದು ಮೇಲೆಯೇ ಕಂಬಳಿಯಂತೆ ಹೆಪ್ಪುಗಟ್ಟಿತು. ಸೋಡಿಯಂ ನೈಟ್ರೇಟಿನ ರೂಪದಲ್ಲಿ ಅಷ್ಟೇ ಸಾರಜನಕವನ್ನು, ಎಂದರೆ ವರ್ಷಕ್ಕೆ ಹೆಕ್ಟೇರಿಗೆ 96 ಕಿಲೋಗ್ರಾಂ ಪಡೆದ ಬೇರೊಂದು ತುಂಡಿನಲ್ಲಿ ಈ ಗತಿಯಾಗಲಿಲ್ಲ. ಅಲ್ಲಿ ಮಣ್ಣು ಹುಳಿಯಾಗಲಿಲ್ಲ, ಜಾತಿಗಳೂ ಹೆಚ್ಚಾಗಿ ಉಳಿದವು. ಕೊಟ್ಟ ಸಾರ ಒಂದೇ, ಕೊಟ್ಟ ರೂಪ ಬೇರೆ. 1903ರಿಂದ ಬಹುತೇಕ ತುಂಡುಗಳ ಅರ್ಧಭಾಗಕ್ಕೆ ನಾಲ್ಕು ವರ್ಷಕ್ಕೊಮ್ಮೆ ಸುಣ್ಣ ಹಾಕತೊಡಗಿದರು. 1965ರಲ್ಲಿ ತುಂಡುಗಳನ್ನು ಮತ್ತೆ ವಿಭಾಗಿಸಿ, ಒಂದನ್ನು ಸುಣ್ಣವಿಲ್ಲದೆ ಬಿಟ್ಟು, ಉಳಿದ ಮೂರರ ರಸಸಾರವನ್ನು 7, 6, 5ರಲ್ಲಿ ನಿಲ್ಲಿಸುವಂತೆ ಸುಣ್ಣದ ಪ್ರಮಾಣವನ್ನು ಗೊತ್ತುಮಾಡಿದರು. ಸುಣ್ಣ ಬಿದ್ದ ಕಡೆ ಹುಲ್ಲು ಚೇತರಿಸಿತು.

ಸಾರಜನಕವನ್ನು ಮಾತ್ರ ಕೊಟ್ಟ ತುಂಡಿನ ಕಥೆ ಇನ್ನೂ ಬೋಧಪ್ರದ. ರಂಜಕವೂ ಪೊಟ್ಯಾಸಿಯಂ ಕೂಡ ಇಲ್ಲದೆ ಬರಿಯ ಸಾರಜನಕ ಪಡೆದ ಹುಲ್ಲು ಕಾಲಕ್ರಮದಲ್ಲಿ ಏನನ್ನೂ ಹಾಕದ ತುಂಡಿಗಿಂತ ಹೆಚ್ಚೇನೂ ಕೊಡದಾಯಿತು. ಇದಕ್ಕೆ ವಿರುದ್ಧವಾಗಿ, ಸಾರಜನಕವನ್ನು ಕೊಡದೆ ರಂಜಕ ಪೊಟ್ಯಾಸಿಯಂಗಳನ್ನು ಮಾತ್ರ ಕೊಟ್ಟ ತುಂಡಿನಲ್ಲಿ ಕೆಂಪು ಕ್ಲೋವರ್ ಮೊದಲಾದ ದ್ವಿದಳ ಸಸ್ಯಗಳು ದಟ್ಟವಾಗಿ ಬೆಳೆದವು. ಇವುಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಸಸ್ಯಕ್ಕೆ ಒದಗಿಸುತ್ತವೆ. ಆ ಸಸ್ಯಗಳ ಬೇರು ಎಲೆಗಳು ಕೊಳೆತಾಗ ನೆರೆಯ ಹುಲ್ಲಿಗೂ ಅದು ದೊರೆಯುತ್ತದೆ. ಹಣ ಕೊಟ್ಟು ಸಾರಜನಕವನ್ನು ತಾರದಿದ್ದರೂ ಆ ತುಂಡಿನ ಇಳುವರಿ ಸಾಧಾರಣ ಪ್ರಮಾಣದ ಸಾರಜನಕ ಪಡೆದ ತುಂಡುಗಳ ಇಳುವರಿಗೆ ಸಮೀಪವಾಗಿಯೇ ಇತ್ತು. ದ್ವಿದಳ ಸಸ್ಯಗಳಿಗೆ ರಂಜಕ ಬೇಕು, ಪೊಟ್ಯಾಸಿಯಂ ಬೇಕು, ಅತಿಯಾದ ಹುಳಿ ಆಗದು. ಇವು ಮೂರನ್ನು ಸರಿಪಡಿಸಿದರೆ ನಾಲ್ಕನೆಯದನ್ನು ಅವೇ ತಂದುಕೊಳ್ಳುತ್ತವೆ. ಸಾರಜನಕವನ್ನು ಹೇರಳವಾಗಿ ಸುರಿದರೆ ಎತ್ತರದ ಹುಲ್ಲುಗಳು ಮೊದಲು ತುಳಿಯುವುದು ಈ ದ್ವಿದಳ ಸಸ್ಯಗಳನ್ನೇ. ಹಾಗೆ ಕೊಂಡು ತಂದ ಸಾರಜನಕ ಪುಕ್ಕಟೆಯಾಗಿ ಬರುತ್ತಿದ್ದ ಸಾರಜನಕವನ್ನು ಓಡಿಸುತ್ತದೆ.

ಕೆಟ್ಟ ನೆಲ ಮತ್ತೆ ಸುಧಾರಿಸೀತೆ? ಇದನ್ನು ತಿಳಿಯಲೆಂದು 1990ರಲ್ಲಿ ಕೆಲವು ತುಂಡುಗಳ ಅರ್ಧಕ್ಕೆ ಸಾರಜನಕ ಹಾಕುವುದನ್ನು ನಿಲ್ಲಿಸಿದರು. ಕಾಲು ಶತಮಾನದೊಳಗೆ ಅಲ್ಲಿ ದ್ವಿದಳ ಸಸ್ಯಗಳೂ ಹೂಗಿಡಗಳೂ ಹಿಂದಿರುಗಿದವೆಂದು 2015ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ನೆರೆಯಲ್ಲಿಯೇ ಬೀಜ ಕೊಡಬಲ್ಲ ಹಳೆಯ ತುಂಡುಗಳು ಇದ್ದುದು ಅವುಗಳ ಭಾಗ್ಯ. ಇಡೀ ಸೀಮೆಯ ಹುಲ್ಲುಗಾವಲುಗಳೇ ಕೆಟ್ಟಿದ್ದರೆ ಬೀಜ ಬರುವುದಾದರೂ ಎಲ್ಲಿಂದ?

ಇಂಗ್ಲೆಂಡಿನ ತಂಪು ಹವೆಯಲ್ಲಿ ಕಂಡುಕೊಂಡ ಈ ಮಾತುಗಳು ಬಿಸಿಲಿನ ನಾಡಿಗೆ ಅಂಕಿ ಅಂಕಿಯಾಗಿ ಅನ್ವಯಿಸುವುದಿಲ್ಲ. ಮಣ್ಣು ಬೇರೆ, ಮಳೆ ಬೇರೆ, ಹುಲ್ಲಿನ ಜಾತಿಗಳೂ ಬೇರೆ. ಆದರೆ ಹೋದುದನ್ನು ಹಿಂದಿರುಗಿಸದ ನೆಲ ಸೊರಗುತ್ತದೆ ಎಂಬ ಲೆಕ್ಕಕ್ಕೆ ದೇಶಭೇದವಿಲ್ಲ. ಕರ್ನಾಟಕದಲ್ಲಿ ಈ ಲೆಕ್ಕವನ್ನು ಸ್ಪಷ್ಟವಾಗಿ ನೋಡಬೇಕಾದರೆ ಮಲೆನಾಡಿನ ಬೇಣಗಳಿಗೆ ಹೋಗಬೇಕು.

ಶಿರಸಿ, ಸಿದ್ದಾಪುರ, ಸಾಗರಗಳ ಕಡೆ ಅಡಕೆ ತೋಟಗಳು ಕಣಿವೆಯ ತಳದಲ್ಲಿರುತ್ತವೆ. ಮೇಲಿನ ಇಳಿಜಾರಿನಲ್ಲಿ ಸೊಪ್ಪಿನ ಬೆಟ್ಟ. ಮರಗಳು ವಿರಳವಾಗಿ ಹುಲ್ಲು ಬೆಳೆಯುವ ಜಾಗ ಬೇಣ. ಮಳೆಗಾಲದಲ್ಲಿ ಎದ್ದ ಹುಲ್ಲು ಮಳೆ ನಿಂತ ಮೇಲೆ ಬಲಿತು ಹೊಂಬಣ್ಣಕ್ಕೆ ತಿರುಗುತ್ತದೆ. ಅದನ್ನು ಕೊಯ್ದು ಅಲ್ಲಿಯೇ ಒಣಗಿಸಿ ಹೊರೆಕಟ್ಟಿ ಮನೆಗೆ ತರುತ್ತಾರೆ. ಇದೇ ಕರಡ. ಬೇಸಗೆಯುದ್ದಕ್ಕೂ ಕೊಟ್ಟಿಗೆಯ ದನಗಳಿಗೆ ಇದು ಆಧಾರ. ಬೆಟ್ಟದ ಸೊಪ್ಪನ್ನು ಕೊಟ್ಟಿಗೆಗೆ ಹಾಸುತ್ತಾರೆ. ಸೆಗಣಿ ಗಂಜಲಗಳಲ್ಲಿ ನೆನೆದ ಆ ಸೊಪ್ಪು ಗೊಬ್ಬರಗುಂಡಿಗೆ ಬಿದ್ದು, ಕೊಳೆತು, ತೋಟಕ್ಕೆ ಹೋಗುತ್ತದೆ. ಎಲ್ಲ ಬಲ್ಲ ಹಿರಿಯರು ಕಟ್ಟಿದ ಅಂದವಾದ ವ್ಯವಸ್ಥೆ ಇದು. ಇದರಲ್ಲಿ ಪೋಲಾಗುವುದು ಏನೂ ಇಲ್ಲವೆಂದು ಹೊಗಳುವುದುಂಟು. ತೋಟದ ಕಡೆಯಿಂದ ನೋಡಿದರೆ ಆ ಹೊಗಳಿಕೆ ನ್ಯಾಯವಾದುದೇ. ಬೇಣದ ಕಡೆಯಿಂದ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಬೇಣದಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ತೋಟಕ್ಕೆ ಇಳಿದ ಸಾರ ಮತ್ತೆ ಗುಡ್ಡ ಹತ್ತುವುದಿಲ್ಲ. ಒಂದು ಎಕರೆ ತೋಟವನ್ನು ಹಸಿರಾಗಿಡಲು ಹಲವು ಎಕರೆ ಬೆಟ್ಟ ಬೇಣಗಳು ತಮ್ಮನ್ನು ತೇಯ್ದುಕೊಂಡಿವೆ.

ಇದರ ಮೇಲೆ ಮಳೆಯ ಹೊಡೆತ. ವರ್ಷಕ್ಕೆ 2,000ದಿಂದ 3,000 ಮಿಲಿಮೀಟರು, ಕೆಲವೆಡೆ ಅದಕ್ಕಿಂತ ಹೆಚ್ಚು ಮಳೆ ನಾಲ್ಕು ತಿಂಗಳಲ್ಲಿ ಸುರಿಯುವ ನಾಡು ಅದು. ನೀರು ಇಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂಗಳನ್ನು ಕರಗಿಸಿ ಕೆಳಕ್ಕೊಯ್ಯುತ್ತದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳು ಮಾತ್ರ ಉಳಿಯುತ್ತವೆ. ಜಂಬಿಟ್ಟಿಗೆ ಮಣ್ಣಿನ ಕೆಂಪು ಬಣ್ಣಕ್ಕೆ ಕಾರಣ ಈ ಕಬ್ಬಿಣವೇ. ಇಂಥ ಮಣ್ಣು ಸ್ವಭಾವತಃ ಹುಳಿ. ಹುಳಿ ಹೆಚ್ಚಾದಂತೆ ಅಲ್ಯೂಮಿನಿಯಂ ಕರಗಿ ಬೇರುಗಳಿಗೆ ವಿಷವಾಗುತ್ತದೆ. ರಂಜಕವನ್ನು ಹಾಕಿದರೂ ಅದರ ಬಹುಭಾಗವನ್ನು ಕಬ್ಬಿಣ ಅಲ್ಯೂಮಿನಿಯಂಗಳು ಬಿಗಿದು ಹಿಡಿಯುತ್ತವೆ. ಕೊಯ್ಲಿನಿಂದ ಹೋದುದರ ಜೊತೆಗೆ ಮಳೆಯಿಂದ ಹೋದುದೂ ಸೇರಿ ಬೇಣದ ಹುಲ್ಲು ವರ್ಷದಿಂದ ವರ್ಷಕ್ಕೆ ಗಿಡ್ಡವಾದರೆ ಆಶ್ಚರ್ಯವೇನು? ಆಗ ಜನರು ಆ ನೆಲವನ್ನು ಬರಡು ಎಂದು ಕರೆಯುತ್ತಾರೆ. ಬೇರಾವ ಉಪಯೋಗಕ್ಕೂ ಬಾರದೆಂದು ಅಲ್ಲಿ ಅಕೇಶಿಯಾ ನೆಡುತ್ತಾರೆ. ನೂರಾರು ವರ್ಷ ಕೊಟ್ಟು ಕೊಟ್ಟು ಬಡವಾದ ನೆಲಕ್ಕೆ ಹುಟ್ಟುಬಡವನೆಂಬ ಹೆಸರು ಬರುತ್ತದೆ. ಇದು ನ್ಯಾಯವಲ್ಲ.

ಬಯಲುಸೀಮೆಯ ಗೋಮಾಳಗಳ ಸ್ಥಿತಿಯೂ ಬಹುಮಟ್ಟಿಗೆ ಇದೇ. ಹಗಲು ಗೋಮಾಳದಲ್ಲಿ ಮೇದ ದನಗಳ ಸೆಗಣಿ ಇರುಳು ಊರಿನ ತಿಪ್ಪೆಗೆ ಸೇರಿ, ಅಲ್ಲಿಂದ ರಾಗಿ ಜೋಳದ ಹೊಲಗಳಿಗೆ ಹೋಗುತ್ತದೆ. ಸುಗ್ಗಿಯಾದ ಮೇಲೆ ರೈತರು ಕುರಿಗಾರರನ್ನು ಕರೆದು, ಕಾಳು ಅಥವಾ ಹಣ ಕೊಟ್ಟು ತಮ್ಮ ಹೊಲದಲ್ಲಿ ಕುರಿಮಂದೆ ನಿಲ್ಲಿಸಿಕೊಳ್ಳುತ್ತಾರೆ. ಒಂದು ರಾತ್ರಿ ಮಂದೆ ನಿಂತ ಹೊಲದ ಬೆಳೆಯನ್ನು ದೂರದಿಂದಲೇ ಗುರುತಿಸಬಹುದು. ಆ ಕುರಿಗಳು ಹಗಲಲ್ಲಿ ಮೇದದ್ದು ಯಾರ ಹುಲ್ಲು ಎಂದು ಕೇಳುವವರಿಲ್ಲ. ಊರಿನ ಎಲ್ಲರಿಗೂ ಸೇರಿದ ನೆಲ ಎಲ್ಲರಿಗೂ ಕೊಡುತ್ತದೆ. ಅದಕ್ಕೆ ಕೊಡುವ ಹೊಣೆ ಯಾರೊಬ್ಬರದೂ ಅಲ್ಲ.

ಇನ್ನೊಂದು ನಷ್ಟ ಬೆಂಕಿಯ ಮೂಲಕ ಆಗುವುದು. 1889ರಲ್ಲಿ ಇಂಗ್ಲೆಂಡಿನ ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯ ಸಲಹಾ ರಸಾಯನಶಾಸ್ತ್ರಜ್ಞ ಜಾನ್ ಅಗಸ್ಟಸ್ ವೋಲ್ಕರ್ ಎಂಬಾತನು ಭಾರತದ ಬೇಸಾಯವನ್ನು ಪರಿಶೀಲಿಸಲು ಬಂದನು. ದೇಶವನ್ನೆಲ್ಲ ಸುತ್ತಿ 1893ರಲ್ಲಿ ಪ್ರಕಟಿಸಿದ ವರದಿಯಲ್ಲಿ ಆತನು ಇಲ್ಲಿನ ರೈತರ ಜಾಣ್ಮೆಯನ್ನು ಮೆಚ್ಚಿಕೊಂಡನು. ಸೆಗಣಿಯನ್ನು ಸುಡುವುದು ರೈತನ ಅಜ್ಞಾನದಿಂದಲ್ಲ, ಸೌದೆಯ ಅಭಾವದಿಂದ ಎಂದು ತೋರಿಸಿ, ಸೌದೆ ಮತ್ತು ಮೇವಿಗಾಗಿ ಕಾದಿರಿಸಿದ ವನಗಳು ಬೇಕೆಂದನು. ಬೆರಣಿ ಉರಿದಾಗ ಸಾರಜನಕ ಹೊಗೆಯೊಡನೆ ಗಾಳಿಗೆ ಹೋಗುತ್ತದೆ. ರಂಜಕ ಪೊಟ್ಯಾಸಿಯಂಗಳು ಬೂದಿಯಲ್ಲಿ ಉಳಿಯುತ್ತವೆ. ಬೂದಿಯನ್ನು ಬೀದಿಗೆ ಚೆಲ್ಲಿದರೆ ಅವೂ ಹೋದವು. ಗೋಬರ್ ಗ್ಯಾಸಿನಲ್ಲಿ ಹೀಗಲ್ಲ. ಉರಿಯೂ ದೊರೆಯುತ್ತದೆ, ಉಳಿದ ಬಗ್ಗಡದಲ್ಲಿ ಸಾರಜನಕವೂ ಇರುತ್ತದೆ.

ಹಳೆಯ ಮೈಸೂರಿನ ಅಮೃತಮಹಲ್ ಕಾವಲುಗಳಲ್ಲಿ ಬೇರೊಂದು ವಿವೇಕ ಕೆಲಸ ಮಾಡಿತ್ತು. ಅರಸರ ದನಗಳಿಗಾಗಿ ಕಾದಿಟ್ಟ ಆ ವಿಶಾಲ ಬಯಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಗೆಯವು ಎಂದು ವಿಂಗಡಿಸಿದ್ದರು. ದನಗಳು ಋತುವಿಗೆ ತಕ್ಕಂತೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ನಡೆಯುತ್ತಿದ್ದವು. ಬಿಟ್ಟ ಕಾವಲಿನ ಹುಲ್ಲಿಗೆ ಬೀಜ ಕಟ್ಟಲು, ಬೇರು ಬಲಿಯಲು ಬಿಡುವು ಸಿಗುತ್ತಿತ್ತು. ದನಗಳು ಕಾವಲಿನಲ್ಲಿಯೇ ತಂಗುತ್ತಿದ್ದುದರಿಂದ ಸೆಗಣಿಯ ಬಹುಪಾಲು ಅಲ್ಲಿಯೇ ಉಳಿಯುತ್ತಿತ್ತು.

ಇಂದು ಬೇಣವನ್ನೋ ಮೇವಿನ ನೆಲವನ್ನೋ ಉಳ್ಳ ರೈತನು ಮಾಡಬೇಕಾದುದೇನು? ಮೊದಲಿಗೆ ಮಣ್ಣನ್ನು ಪರೀಕ್ಷಿಸಬೇಕು. ಹತ್ತಾರು ಕಡೆಗಳಿಂದ 15 ಸೆಂಟಿಮೀಟರು ಆಳದವರೆಗಿನ ಮಣ್ಣನ್ನು ತೆಗೆದು ಬೆರೆಸಿ ಪರೀಕ್ಷೆಗೆ ಕಳುಹಿಸಬೇಕು. ದನ ಸೇರುವ ಮರದಡಿ, ತಿಪ್ಪೆಯ ಬಳಿ ತೆಗೆದ ಮಣ್ಣು ಸುಳ್ಳು ಹೇಳುತ್ತದೆ. ಮಣ್ಣು ಹುಳಿಯಾಗಿದ್ದರೆ ಸುಣ್ಣವೇ ಮೊದಲ ಗೊಬ್ಬರ. ಉತ್ತು ಬೆರೆಸುವ ಅನುಕೂಲ ಹುಲ್ಲಿನ ನೆಲದಲ್ಲಿಲ್ಲ; ಮೇಲೆ ಎರಚಿದ ಸುಣ್ಣ ಮೆಲ್ಲಗೆ ಇಳಿಯಬೇಕು; ಆದುದರಿಂದ ಒಂದೇ ಬಾರಿ ಬಹಳ ಹಾಕುವುದಕ್ಕಿಂತ ಕೆಲವು ವರ್ಷಗಳಿಗೊಮ್ಮೆ ಸ್ವಲ್ಪ ಸ್ವಲ್ಪ ಹಾಕುವುದು ಲೇಸು. ಒಲೆಯ ಸೌದೆಬೂದಿಯಲ್ಲಿ ಸುಣ್ಣದ ಗುಣವೂ ಇದೆ, ಪೊಟ್ಯಾಸಿಯಂ ಕೂಡ ಇದೆ. ಹುಳಿಮಣ್ಣಿನಲ್ಲಿ ರಂಜಕಕ್ಕಾಗಿ ದುಬಾರಿ ಗೊಬ್ಬರವೇ ಆಗಬೇಕೆಂದಿಲ್ಲ. ಪುಡಿ ಮಾಡಿದ ಶಿಲಾರಂಜಕ ಅಂಥ ಮಣ್ಣಿನ ಆಮ್ಲದಲ್ಲಿಯೇ ನಿಧಾನವಾಗಿ ಕರಗುತ್ತದೆ. ಆದರೆ ಸುಣ್ಣ ಮತ್ತು ಶಿಲಾರಂಜಕಗಳನ್ನು ಒಟ್ಟಿಗೆ ಹಾಕಬಾರದು. ಸುಣ್ಣ ಹುಳಿಯನ್ನು ಕಳೆದರೆ ಕಲ್ಲು ಕರಗುವುದು ನಿಲ್ಲುತ್ತದೆ.

ಇಷ್ಟಾದ ಮೇಲೆ ದ್ವಿದಳ ಸಸ್ಯಗಳ ಸರದಿ. ದಕ್ಷಿಣ ಅಮೆರಿಕ ಮೂಲದ ಸ್ಟೈಲೋ ಎಂಬ ಮೇವಿನ ಗಿಡ ಬಡಮಣ್ಣಿನಲ್ಲಿಯೂ ಬೆಳೆದು ಒಣಹವೆಯನ್ನು ತಾಳಿಕೊಳ್ಳುತ್ತದೆ. ಕರ್ನಾಟಕದಲ್ಲಿ ಜಲಾನಯನ ಅಭಿವೃದ್ಧಿಯ ಕೆಲಸ ನಡೆದೆಡೆ ಬದುಗಳ ಮೇಲೆ ಇದನ್ನು ಬಿತ್ತಿದುದುಂಟು. ಝಾನ್ಸಿಯಲ್ಲಿ 1962ರಲ್ಲಿ ಸ್ಥಾಪಿತವಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನ ಸಂಸ್ಥೆಗೆ ಧಾರವಾಡದಲ್ಲಿ ಒಂದು ಪ್ರಾದೇಶಿಕ ಕೇಂದ್ರವಿದ್ದು, ದಕ್ಷಿಣದ ಹವೆಗೆ ಒಗ್ಗುವ ಹುಲ್ಲು ಮತ್ತು ಮೇವಿನ ಗಿಡಗಳ ಅಭ್ಯಾಸ ಅಲ್ಲಿ ನಡೆಯುತ್ತದೆ. ಯೂರಿಯಾ ಚೀಲವನ್ನು ಬಿಚ್ಚುವುದು ಎಲ್ಲಕ್ಕೂ ಕಡೆಯ ಮಾತಾಗಬೇಕು. ಅದು ಕಣ್ಣೆದುರಿಗೆ ಹಸಿರು ತೋರಿಸುತ್ತದೆ. ಆ ಹಸಿರನ್ನು ಕೊಯ್ದು ಒಯ್ದಾಗ ಇದ್ದ ಅಲ್ಪಸ್ವಲ್ಪ ರಂಜಕ ಪೊಟ್ಯಾಸಿಯಂಗಳೂ ಇನ್ನಷ್ಟು ಬೇಗ ಹೊರಟುಹೋಗುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹುಲ್ಲು ಇರುವ ನೆಲಕ್ಕೆಲ್ಲ ಗೊಬ್ಬರ ಹಾಕಬೇಕೆಂದು ಇದರ ಅರ್ಥವಲ್ಲ. ಕೃಷ್ಣಮೃಗ ಮೇಯುವ, ನೆಲದಲ್ಲಿ ಗೂಡು ಮಾಡುವ ಹಕ್ಕಿಗಳು ಬಾಳುವ ಸಹಜ ಹುಲ್ಲುಬಯಲುಗಳು ಬಡಮಣ್ಣಿಗೆ ಹೊಂದಿಕೊಂಡು ಬೆಳೆದವು. ರೊಥಾಮ್‌ಸ್ಟೆಡ್ಡಿನ ಬಡತುಂಡಿನಲ್ಲಿ ನಲವತ್ತು ಜಾತಿಗಳು ಉಳಿದು, ಗೊಬ್ಬರದ ತುಂಡಿನಲ್ಲಿ ಮೂರೇ ಉಳಿದುದನ್ನು ನೆನೆಯಬೇಕು. ಅಂಥ ಬಯಲುಗಳಿಗೆ ಬೇಕಾದುದು ಅತಿಯಾಗಿ ಮೇಯಿಸದೆ ಬಿಡುವು ಕೊಡುವುದು. ಸಾರವನ್ನು ಹಿಂದಿರುಗಿಸಬೇಕಾದುದು ಮುಖ್ಯವಾಗಿ ವರ್ಷವರ್ಷವೂ ಕೊಯ್ದು ಹೊರಗೊಯ್ಯುವ ನೆಲಕ್ಕೆ. ಅಲ್ಲಿಯೂ ಒಂದು ಹೆಕ್ಟೇರನ್ನು ಚೆನ್ನಾಗಿ ಸಾಕಿ ಹೆಚ್ಚು ಮೇವು ಪಡೆದರೆ ಉಳಿದ ಗುಡ್ಡಕ್ಕೆ ಅಷ್ಟು ವಿಶ್ರಾಂತಿ ದೊರೆಯುತ್ತದೆ.

ಕೊಯ್ಯುವ ಕಾಲವೂ ಈ ಲೆಕ್ಕದೊಳಗೆ ಬರುತ್ತದೆ. ಹೂ ಬಿಡುವ ಹೊತ್ತಿಗೆ ಕೊಯ್ದ ಹುಲ್ಲು ದನಕ್ಕೆ ಪುಷ್ಟಿಕರ. ಆದರೆ ಎಲೆಕಾಂಡಗಳಲ್ಲಿ ಸಾರ ತುಂಬಿರುವಾಗ ಕೊಯ್ದುದರಿಂದ ನೆಲ ಹೆಚ್ಚು ಕಳೆದುಕೊಳ್ಳುತ್ತದೆ, ಬೀಜವೂ ಉದುರಿರುವುದಿಲ್ಲ. ತಡವಾಗಿ ಕೊಯ್ದರೆ ಬಹುವಾರ್ಷಿಕ ಹುಲ್ಲು ತನ್ನ ಸಾರದ ಒಂದು ಭಾಗವನ್ನು ಬೇರಿಗೆ ಇಳಿಸಿಕೊಂಡಿರುತ್ತದೆ, ಬೀಜವೂ ನೆಲ ಸೇರಿರುತ್ತದೆ. ನೆಲಕ್ಕೆ ನಷ್ಟ ಕಡಮೆ, ದನಕ್ಕೆ ದೊರೆಯುವುದು ಹೆಚ್ಚಾಗಿ ಒಣಕಡ್ಡಿ. ಮಲೆನಾಡಿನ ಕರಡ ಈ ಎರಡನೆಯ ಬಗೆಯದು. ಬೇಣಗಳು ಇಷ್ಟು ಶತಮಾನ ತಾಳಿದುದಕ್ಕೆ ಈ ತಡವಾದ ಕೊಯ್ಲೂ ಒಂದು ಕಾರಣವಿರಬೇಕು. ಸಾರವನ್ನು ಹಿಂದಿರುಗಿಸಬಲ್ಲ ರೈತನು ಬೇಣದ ಒಂದು ಪಾಲನ್ನು ಬೇಗ ಕೊಯ್ದು ಕರೆಯುವ ಹಸುವಿಗೆ ಇಟ್ಟುಕೊಂಡು, ಉಳಿದುದನ್ನು ಬೀಜ ಉದುರುವವರೆಗೆ ಬಿಟ್ಟು, ಮರುವರ್ಷ ಆ ಪಾಲುಗಳನ್ನು ಅದಲುಬದಲು ಮಾಡಬಹುದು.